ರುಮಾಲು ಬಿಚ್ಚಿದ ಕಾಕಾ

ಮೊನ್ನೆ ಹೊರ್ತಿಯ ನಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ನಡೆದಿತ್ತು. ಕತ್ತರಿಸಿದ ಕಡ್ಡಿಯ ತುದಿಯಿಂದ ಹಸಿ ವಾಸನೆ ಮೂಗಿಗೆ ಬಡಿಯಿತು. ಕೈಯೊಳಗಿನ ಕತ್ತರಿ ಹಾಗೇ ನಿಂತಿತು. ಪಕ್ಕದ ತೋಟದ ಕಾಕಾ ನೆನಪಾದರು...

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಸ್ವಂತ ದುಡಿಮೆಯಿಂದ ವಿಮಾನ ಹತ್ತಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕೆಲ ವರ್ಷಗಳ ಹಿಂದೆ ಇಂಡಿ, ಸಿಂದಗಿ ಕಡೆಯ ದ್ರಾಕ್ಷಿ ಬೆಳೆಗಾರರು ಕೂಡಿ ದಕ್ಷಿಣ ಆಫ್ರಿಕಾದ ತೋಟ ನೋಡಲು ಹೋಗಿದ್ದೆವು. ಕಾಕಾ ಧೋತರ ಉಟ್ಟು, ರುಮಾಲು ಸುತ್ತಿಕೊಂಡೇ ಬಂದಿದ್ದರು. ಮನೆಯ ಸೊಸೆಯಂದಿರೂ ಅವರ ಬರಿತಲೆ ಕಂಡಿರಲಿಲ್ಲ.

ಆ ಸೀಮೆಯಲ್ಲಿ ನದಿಯ ದಂಡೆಗುಂಟ ಹಸಿರು ತೋಟ, ಆಚೆ ಕಣ್ಣು ಹಾಯುವವರೆಗೆ ಕೆಂಪು ಮರಳು. ವೈನ್ ಗ್ಲಾಸು ಮುಂದೆ ಹಿಡಿದವರಿಗೆ ಕಾಕಾ ಕೈಮುಗಿದು, "ನಾವು ಬೆಳಿಯೂದಷ್ಟ ತಮ್ಮಾ, ಕುಡಿಯೂದು ನಿಮಗ ಬಿಟ್ಟೇವಿ" ಎಂದು ನಗಿಸಿದರು. ನಾವು ಯಂತ್ರ ನೋಡಲು ಹೋದಾಗ ಅವರೊಬ್ಬರೇ ಬಳ್ಳಿಗಳ ಸಾಲಿನಲ್ಲಿ ಉಳಿದರು. ಬಸ್ಸಿಗೆ ಮರಳಿದಾಗ ರುಮಾಲು ದಪ್ಪವಾಗಿತ್ತು.

"ಕಾಕಾ, ತಲಿಯಾಗ ಏನೈತ್ರಿ?" ಪಿಸುಗುಟ್ಟಿದೆ.

"ಕಡ್ಡಿ ಅದಾವ. ಸುಮ್ನ ಕುಂದ್ರು."

ಅವರ ಬಳ್ಳಿಗಳು ಮುದಿಯಾಗಿದ್ದವು. ಕಣ್ಣು ಮುಚ್ಚುವ ಮೊದಲು ಒಂದು ಹೊಸ ತೋಟ ಎಬ್ಬಿಸಬೇಕೆಂಬ ಹಟ ಅವರಿಗೆ. ಆದರೆ ನೆಡಲು ಕದ್ದ ಕಡ್ಡಿಯ ಸಮೇತ ಸಿಕ್ಕಿಬಿದ್ದರೆ? ಪರದೇಶದ ಠಾಣೆ...

ಬಸ್ಸು ಮರಳುಗಾಡಿನ ಅಭಯಾರಣ್ಯ ಹೊಕ್ಕಿತು. ನೀಳ ಕೊಂಬಿನ ಜಿಂಕೆಗಳನ್ನು ಕಂಡು ಎಲ್ಲರೂ ಫೋಟೋ ತೆಗೆದರು. ನಾನು ರುಮಾಲನ್ನೇ ನೋಡುತ್ತಿದ್ದೆ. ಅರಣ್ಯ ಮುಗಿದಲ್ಲಿ, ಬುಡಸಮೇತ ಕಿತ್ತು ಸುಟ್ಟ ದ್ರಾಕ್ಷಿ ತೋಟಗಳು. ಯಾರೋ ಕದ್ದು ತಂದ ಕಡ್ಡಿಯ ಜೊತೆ ರೋಗ ಬಂತು, ಸುತ್ತಲಿನವರದೂ ಹೋಯಿತು ಎಂದು ಭಾರತ ಮೂಲದ ಮಾರ್ಗದರ್ಶಿ ಹಿಂದಿಯಲ್ಲಿ ಹೇಳಿದ. ಕಾಕಾ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಮುಂದೆ ಗಿಡ-ಕಡ್ಡಿ ಸಾಗಿಸದಂತೆ ತಡೆಯುವ ತಪಾಸಣೆಯ ಗೇಟು. ಸಮವಸ್ತ್ರದ ಹೆಣ್ಣುಮಗಳೊಬ್ಬಳು ನಾಯಿ ಹಿಡಿದು ಹತ್ತಿದಳು. ನಾಯಿ ಚೀಲಗಳನ್ನು ಮೂಸುತ್ತ ಬಂತು, ನಮ್ಮ ಸೀಟಿನ ಬಳಿ ನಿಂತಿತು, ಮುಂದೆ ಹೋಯಿತು. ಬದುಕಿದೆವು ಎಂದು ಉಸಿರು ಬಿಟ್ಟೆ.

"ಯವ್ವಾ, ನಿಲ್ಲು."

ಕಾಕಾ ಎದ್ದು ನಿಂತಿದ್ದರು. ಎರಡೂ ಕೈಯಿಂದ, ಅಷ್ಟೂ ಜನರ ಎದುರಿಗೆ, ರುಮಾಲು ಬಿಚ್ಚಿದರು. ನೆರೆತ ನಾಲ್ಕು ಕೂದಲಿನ ಆ ತಲೆಯನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಅವಳು ಕಡ್ಡಿಗಳನ್ನು ಎತ್ತಿಕೊಂಡು, ಮಾರ್ಗದರ್ಶಿಯ ಜೊತೆ ಬಹಳ ಹೊತ್ತು ಗಡುಸಾಗಿ ಮಾತಾಡಿದಳು. ಕೊನೆಗೆ ಬೆರಳು ಆಡಿಸಿ ಎಚ್ಚರಿಸಿ ಇಳಿದುಹೋದಳು. ಬಸ್ಸು ಹೊರಟಿತು.

"ಕಾಕಾ, ತಲಿ ಹಗರಾತಲ್ರಿ!" ಹಿಂದಿನಿಂದ ಸಿಂದಗಿಯವನೊಬ್ಬ ಕೆಣಕಿದ. ಯಾರೂ ನಗಲಿಲ್ಲ.

"ನಾಯಿ ನಮ್ಮನ್ನ ದಾಟಿ ಹೋಗಿತ್ತು. ಯಾಕ್ ಎದ್ರಿ?" ಕೇಳಿದೆ.

ನನ್ನತ್ತ ನೋಡದೆ, ರುಮಾಲು ಸುತ್ತುತ್ತ ಅಂದರು: "ನನ್ ತ್ವಾಟ ಹ್ವಾದ್ರ ಹೋಗ್ಲಿ. ಬದುವಿನ ಆಚಿಗೆ ನಿಂದೈತಲ್ಲೋ, ಮಗನ."

ಹೋದ ವರ್ಷ ಕಾಕಾ ತೀರಿಕೊಂಡರು. ಹೊಸ ತೋಟ ಏಳಲೇ ಇಲ್ಲ. ಅವರ ಹೊಲವನ್ನು ಈಗ ಬಾಗೇವಾಡಿ ಕಡೆಯವರೊಬ್ಬರು ಕೊಂಡಿದ್ದಾರೆ. ಈ ವಾರ ಅವರು ಕಡ್ಡಿ ನೆಡಿಸುತ್ತಿದ್ದರು. ಎಲ್ಲಿಂದ ತಂದಿರಿ ಎಂದು ಬದುವಿನ ಮೇಲೆ ನಿಂತು ಕೇಳಿದೆ.

"ನಿಮಗ್ಯಾಕ್ರಿ ಅದು?" ಎಂದರು.

ತಿರುಗಿ ಬಂದೆ. ಕಾಕಾ ಇದ್ದಷ್ಟು ದಿನ ಆ ಕಡೆಗೆ ಮುಖ ಮಾಡಿ ನಾನು ಏನನ್ನೂ ಕೇಳಬೇಕಾಗಿರಲಿಲ್ಲ...