ಮೂರು ತಲೆಮಾರಿಗೆ ನಿಲ್ಲಿಸಿದ ಪಟ್ಟಿ

ತೊಂಬತ್ತರ ದಶಕದ ಕೊನೆಯಲ್ಲಿ ಅಗ್ರಹಾರದ ಒಂದು ಮಹಡಿಯ ಮೇಲಿದ್ದ ಸಣ್ಣ ಕಂಪ್ಯೂಟರ್ ಕಚೇರಿಯಲ್ಲಿ ನಾನು ಕೈಪಿಡಿ ಬರೆಯುತ್ತಿದ್ದೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು ಐದು ಜನ. ನಮ್ಮವರು ಕಟ್ಟಿದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾವ ಕ್ಲಾಸು, ಅಂದರೆ ಪ್ರೋಗ್ರಾಮಿನ ಯಾವ ಅಚ್ಚು, ಏನೇನು ಕೆಲಸ ಬಲ್ಲದು ಎಂದು ಪುಟಕ್ಕೊಂದರಂತೆ ಬರೆಯುವುದು ನನ್ನ ಕಸುಬು. ಕ್ಲಾಸುಗಳಿಗೂ ಅಪ್ಪ, ತಾತ, ಮುತ್ತಾತ ಇರುತ್ತಾರೆ. ಹಿರಿಯರು ಬಲ್ಲ ಕೆಲಸವೆಲ್ಲ ಮಗುವಿಗೆ ಹೇಳಿಕೊಡದೆಯೇ ಬಂದಿರುತ್ತದೆ. ಅದನ್ನು ಮಗುವಿನ ಪುಟದಲ್ಲಿ ಮತ್ತೆ ಬರೆಯಬೇಕೆ? ಎಲ್ಲ ಬರೆದರೆ ಪುಸ್ತಕ ತಲೆದಿಂಬಾಗುತ್ತದೆ.

"ಎಷ್ಟು ತಲೆಮಾರು ಅಂತ ನೀವೇ ತೀರ್ಮಾನ ಮಾಡಿ ಕಣ್ರೀ," ಎಂದರು ಯಜಮಾನರು.

ಆ ವಾರವೇ ಮನೆಯಲ್ಲಿ ತಾತನ ತಿಥಿ. ಅಪ್ಪ ತಮ್ಮ ಹಿಂದಿನ ಮೂರು ತಲೆಮಾರಿನ ಹೆಸರು ಹೇಳಿ ಮೂರು ಪಿಂಡ ಇಟ್ಟರು. ಅದರ ಹಿಂದಿನವರಿಗೆ ಏನೂ ಇಲ್ಲವೇ ಎಂದು ಅಜ್ಜಿಯನ್ನು ಕೇಳಿದೆ.

"ಮೂರು ಜನಕ್ಕೇ ಕಣೋ ಹೆಸರು. ಎಲ್ಲಾರ್ನೂ ಕರೆದ್ರೆ ಬಡಿಸೋಕೆ ನಿನ್ನ ಹೆಂಡ್ತಿ ಬಂದಿದ್ದಾಳೇನೋ?"

ಎಲ್ಲರೂ ನಕ್ಕರು. ನನಗೆ ಉತ್ತರ ಸಿಕ್ಕಿತ್ತು. ಕೈಪಿಡಿಯ ಪ್ರತಿ ಪುಟದಲ್ಲೂ ಮೂರು ತಲೆಮಾರಿನಿಂದ ಬಂದ ಕೆಲಸಗಳನ್ನು ಪಟ್ಟಿ ಮಾಡಿ ನಿಲ್ಲಿಸಿದೆ. ಹಿರಿಯರ ಲೆಕ್ಕ ಎಂದು ಒಳಗೊಳಗೇ ಜಂಬ ಬೇರೆ.

ಪಕ್ಕದ ಮೇಜಿನಲ್ಲಿ ಇಲವಾಲದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಪ್ರೋಗ್ರಾಂ ಬರೆಯುತ್ತಿದ್ದಳು. ಅವಳಿಗೆ ಅದು ಮೊದಲ ಕೆಲಸ. ನನ್ನ ಕೈಪಿಡಿ ನೋಡಿಕೊಂಡು ಕಡಕೊಳದ ಒಂದು ಕಾರ್ಖಾನೆಗೆ ಕಂಪ್ಯೂಟರಿನಲ್ಲಿ ಹಾಜರಿ ಪುಸ್ತಕ ಮಾಡಿದಳು. ತಿಂಗಳೊಳಗೆ ದೂರು ಬಂತು: ದಿನವೂ ಕೊನೆಗೆ ಬಂದ ನಾಲ್ಕೈದು ಜನರ ಹೆಸರೇ ಉಳಿಯುತ್ತಿಲ್ಲ. ಗೇಟಿನಲ್ಲಿ ಕಂಡವರು, ಯಂತ್ರದ ಮುಂದೆ ದುಡಿದವರು, ಪುಸ್ತಕದಲ್ಲಿ ಮಾತ್ರ ಬಂದೇ ಇಲ್ಲ.

"ಏನಮ್ಮಾ, ಬದುಕಿರೋ ಮನುಷ್ಯರನ್ನೇ ನುಂಗ್ಬುಟ್ಯಲ್ಲ," ಎಂದರು ಯಜಮಾನರು, ಎಲ್ಲರೆದುರಿಗೆ.

ತಪ್ಪು ಎಲ್ಲಿ ಎಂದು ನನಗೆ ಕೂಡಲೇ ಹೊಳೆಯಿತು. ಕಂಪ್ಯೂಟರು ಕೈಯಲ್ಲಿ ಹಿಡಿದಿಟ್ಟುಕೊಂಡ ಹೆಸರುಗಳನ್ನು ಸಂಜೆ ಒಂದೂ ಬಿಡದೆ ಕಡತಕ್ಕೆ ಸುರಿದುಬಿಡುವ ಕೆಲಸವೊಂದಿತ್ತು; ಅದನ್ನು ಮಾಡಿಸದಿದ್ದರೆ ಕೊನೆಯ ಕೆಲವು ಹೆಸರು ಕೈಯಲ್ಲೇ ಉಳಿದು ಅಳಿಸಿಹೋಗುತ್ತವೆ. ಅದು ನಾಲ್ಕನೆಯ ತಲೆಮಾರಿನದು. ನನ್ನ ಪಟ್ಟಿಯಲ್ಲಿ ಇರಲಿಲ್ಲ.

"ನಾನು ಕೈಪಿಡಿ ಪುಸ್ತಕ ನೋಡ್ಕಂಡೇ ಬರ್ದಿದ್ದು ಸಾರ್. ಅಂಗೊಂದು ಇದೆ ಅಂತ ಅದರಲ್ಲಿ ಇಲ್ಲ," ಎಂದಳು.

"ಪುಸ್ತಕಾನೂ ಬೈದ್ಬುಡಮ್ಮ ಈಗ!"

ಅವಳು ನನ್ನ ಕಡೆ ನೋಡಿದಳು. ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಆಗಲೇ ಚೂಪಾಗಿದ್ದ ಪೆನ್ಸಿಲ್.

ಶನಿವಾರ ಅವಳನ್ನು ಕೆಲಸದಿಂದ ಬಿಡಿಸಿದರು. ಹೋಗುವಾಗ ಕೈಪಿಡಿಯನ್ನು ನನ್ನ ಮೇಜಿನ ಮೇಲಿಟ್ಟಳು. ನಾಲ್ಕನೆಯ ತಲೆಮಾರು ಬಿಟ್ಟುಹೋದ ಆ ಪುಟದ ಮೂಲೆ ಮಡಿಸಿತ್ತು. "ಬತ್ತೀನಿ ಸಾರ್," ಎಂದಳು. ಅಷ್ಟೇ.

ಮುಂದಿನ ಆವೃತ್ತಿಯಲ್ಲಿ ಬೇರಿನವರೆಗೂ ಎಲ್ಲ ತಲೆಮಾರನ್ನೂ ಬರೆದೆ. ಯಾರೂ ಯಾಕೆಂದು ಕೇಳಲಿಲ್ಲ. ಒಂದು ಭಾನುವಾರ ಇಲವಾಲಕ್ಕೆ ಹೋಗಿ ವಿಚಾರಿಸಿದೆ. ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ಇಂದಿಗೂ ಇಲವಾಲದ ಮೇಲೆ ಬರುವ ಹುಣಸೂರು ರಸ್ತೆಯ ಬಸ್ಸು ಎದುರಾದರೆ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತೇನೆ. ಯಾವುದೋ ಒಂದರಲ್ಲಿ ಅವಳು ನನ್ನನ್ನೇ ನೋಡುತ್ತಿರುತ್ತಾಳೆ. ಬಸ್ಸು ಹತ್ತಿರ ಬಂದಾಗ ಅದು ಬೇರೆ ಯಾರೋ.

ಕೆಲವು ವರ್ಷಗಳ ಮೇಲೆ ಅಪ್ಪನ ತಿಥಿಗೆ ನಾನೇ ಕೂತೆ. ಮೂರು ಪಿಂಡ ಇಟ್ಟು ಕೈ ತೊಳೆಯಲು ಹೋದವನನ್ನು ಪುರೋಹಿತರು ತಡೆದರು.

"ಇರಿ ಇರಿ. ಕೈಗೆ ಅಂಟಿರೋ ಅನ್ನಾನ ದರ್ಭೆ ಬುಡಕ್ಕೆ ಒರೆಸಿ."

"ಯಾರಿಗೆ ಇದು?"

"ನಾಲ್ಕನೆಯವರಿಂದ ಆಚೆಗಿರೋರಿಗೆ. ಹೆಸರು ಹೇಳಲ್ಲ, ಆದ್ರೆ ಬಿಡೋ ಹಾಗಿಲ್ಲ. ನಿಮ್ಮ ತಂದೇನೂ ಮಾಡ್ತಿದ್ರಲ್ಲ, ನೋಡಿಲ್ವೇ?"

ನೋಡಿರಲಿಲ್ಲ. ಅಜ್ಜಿ ಹೆಸರು ಮೂರಕ್ಕೇ ಎಂದಿದ್ದಳೇ ಹೊರತು, ಮಿಕ್ಕವರಿಗೆ ಏನೂ ಇಲ್ಲ ಎಂದಿರಲಿಲ್ಲ. ನನ್ನ ಕೈಪಿಡಿಯ ಪಟ್ಟಿಯ ಕೆಳಗೂ, ಇದರಾಚೆಗೂ ಇನ್ನಷ್ಟಿವೆ ಎಂಬ ಒಂದೇ ಒಂದು ಸಾಲು ಸಾಕಿತ್ತು.

"ಸಾಕು ಬಿಡಿ, ಎಲ್ಲ ಹೋಯ್ತಲ್ಲ," ಎಂದರು ಪುರೋಹಿತರು.

ನಾನು ಇನ್ನೂ ಒರೆಸುತ್ತಲೇ ಇದ್ದೆ.