ಗೀಟು ಎಳೆದ ಲೆಕ್ಕಗಳು

ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ಬಹಳ ವರ್ಷ ನಾನು ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತವಳು. ತೂತು ಕೂದಲೆಳೆಯಷ್ಟು ಆಚೀಚೆ ಹೋದರೂ ಆ ಪೀಸು ರಿಜೆಕ್ಟು. ಮುಕ್ಕಾಲು ಪಾಲು ಸರಿಯಾಗಿದೆಯಲ್ಲ ಎಂದರೆ ನಗುತ್ತಾರೆ. ಕೆಂಪು ಗೀಟು ಎಳೆದು ಮೂಲೆಯ ಡಬ್ಬಕ್ಕೆ ಹಾಕುವುದು ಕೈಗೆ ಅಭ್ಯಾಸವಾಗಿಹೋಗಿತ್ತು.

ಅಲ್ಲೇ ಪೀಸು ಅಳೆದು ನೋಡುವ ಚೆಕಿಂಗ್‌ನ ಒಂದು ಜಾಗ ಖಾಲಿಯಾಯಿತು. ಕೂತು ಮಾಡುವ ಕೆಲಸ. ನಿಂತು ನಿಂತು ನನ್ನ ಕಾಲಿನ ನರಗಳು ಉಬ್ಬಿಕೊಂಡಿದ್ದವು, ಆ ಕುರ್ಚಿ ನನಗೆ ಬೇಕೇ ಬೇಕಿತ್ತು. "ನಿಮ್ಗೇ ಕೊಡ್ತೀನಮ್ಮ, ಆದ್ರೆ ಟೆಂತ್ ಪಾಸಾಗಿರ್ಬೇಕು. ಈ ವರ್ಷದೊಳ್ಗೆ ಮಾಡ್ಕೊಂಡ್ ಬನ್ನಿ" ಎಂದರು ಸೂಪರ್‌ವೈಸರ್. ಮದುವೆ ಮಾಡುತ್ತೇವೆಂದು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು ನನ್ನನ್ನು. ಗುಬ್ಬಿಯಲ್ಲಿ ನಾನು ಓದಿದ್ದ ಶಾಲೆಗೇ ಹೋಗಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆಗೆ ಕಟ್ಟಿದೆ. ಅರ್ಜಿಯ ಫೋಟೊ ಯಾವ ಅಳತೆಯಲ್ಲಿರಬೇಕು ಎಂದು ಮತ್ತೆ ಮತ್ತೆ ಹೇಳಿದರು. ಅಂಕ ಹೇಗೆ ಕೊಡುತ್ತಾರೆ ಎಂದು ಒಬ್ಬರೂ ಬಾಯಿ ಬಿಡಲಿಲ್ಲ.

ಗಣಿತದ ದಿನ ಮೂರು ದೊಡ್ಡ ಲೆಕ್ಕಗಳು ಅರ್ಧಕ್ಕೆ ನಿಂತವು. ಸೂತ್ರ ಬರೆದಿದ್ದೆ, ಬೆಲೆ ಹಾಕಿದ್ದೆ, ಉತ್ತರ ಮಾತ್ರ ಬರಲಿಲ್ಲ. ಅರೆಬರೆ ಕೆಲಸ ಒಪ್ಪಿಸುವುದು ಮರ್ಯಾದೆಯಲ್ಲ ಎಂದುಕೊಂಡು ಮೂರರ ಮೇಲೂ ಮೂಲೆಯಿಂದ ಮೂಲೆಗೆ ಗೀಟು ಎಳೆದು, ನಿಶ್ಚಿಂತೆಯಿಂದ ಎದ್ದು ಬಂದೆ. ಉಳಿದದ್ದೆಲ್ಲ ಪಾಸು, ಗಣಿತದಲ್ಲಿ ನಾಲ್ಕು ಅಂಕಕ್ಕೆ ಫೇಲು.

ಉತ್ತರ ಪತ್ರಿಕೆಯ ನಕಲು ತರಿಸಿ, ಕುಣಿಗಲ್ಲಿನ ನಮ್ಮಕ್ಕನ ಮನೆ ಎದುರಿಗಿದ್ದ ಗಣಿತದ ಮೇಷ್ಟ್ರಿಗೆ ತೋರಿಸಿದೆ.

"ಅಯ್ಯೋ, ಇದನ್ಯಾಕಮ್ಮ ಹೊಡ್ದಾಕಿದೀರಾ?"

"ಉತ್ತರ ಬರ್ಲಿಲ್ಲ ಸಾರ್."

"ಬರ್ಲಿಲ್ಲ ಅಂದ್ರೆ ಏನಂತೆ! ಸೂತ್ರಕ್ಕೆ ಇಷ್ಟು, ಬೆಲೆ ಹಾಕಿದ್ದಕ್ಕೆ ಇಷ್ಟು ಅಂತ ಹಂತಹಂತಕ್ಕೂ ಮಾರ್ಕ್ಸ್ ಕೊಡ್ತೀವಿ. ಗೀಟ್ ಹಾಕಿದ್ರೆ ಮಾತ್ರ ನೋಡಂಗಿಲ್ಲ. ಇದ್ರಲ್ಲೇ ಪಾಸಾಗ್ತಿದ್ರಿ."

"ನಮ್ಗೆ ಯಾರ್ ಸಾರ್ ಹೇಳಿದ್ರು ಇದನ್ನ?"

"ಹೇಳೋದೇನಮ್ಮ, ಎಲ್ರಿಗೂ ಗೊತ್ತಿರೋದೇ ತಾನೇ."

ಎಲ್ಲರಿಗೂ! ನನ್ನ ಮೈಯೆಲ್ಲ ಉರಿದುಹೋಯಿತು. ಆ ಎಲ್ಲರಲ್ಲಿ ನಾನಿಲ್ಲವೇ? ಶಾಲೆಯ ಮಕ್ಕಳಿಗೆ ಜೂನ್‌ನಿಂದಲೇ ಏನಾದರೂ ಬರೆಯಿರಿ, ಖಾಲಿ ಬಿಡಬೇಡಿ ಎಂದು ತಲೆಗೆ ತುಂಬುತ್ತಾರೆ. ಸಾಲದೆಂಬಂತೆ ಶಾಲೆಯೇ ಕೊಡುವ ಒಳ ಅಂಕಗಳು ಬೇರೆ. ಹಗಲೆಲ್ಲ ದುಡಿದು ಓದುವ ನಮಗೆ ಇರುವುದು ಆ ಮೂರು ಗಂಟೆ ಮಾತ್ರ. ಪರೀಕ್ಷೆಗೆ ಮುಂಚೆ ಇದನ್ನು ಹೇಳಲು ಒಂದು ನಿಮಿಷ ಸಾಕಿತ್ತು. "ಹೋಗ್ಲಿ ಬುಡೇ, ಇನ್ನೊಂದ್ ಸಲ ಕಟ್ಟಿದ್ರಾಯ್ತು" ಎಂದು ಅಕ್ಕ ಕಾಫಿ ತಂದಿಟ್ಟಳು. ಪಾಪ, ಅವಳ ಮೇಲೂ ರೇಗಿದೆ.

ಅದೇ ವರ್ಷದ ಮರುಪರೀಕ್ಷೆಗೆ ಮತ್ತೆ ಕಟ್ಟಿದೆ. ಅದೇ ಗುಬ್ಬಿ. ಗೀಟು ಎಳೆಯಲು ಕೈ ತುರಿಸಿದರೂ ಈ ಸಲ ಅರ್ಧ ಬಂದದ್ದನ್ನು ಅರ್ಧವೇ ಬಿಟ್ಟೆ. ಕೊನೆಯ ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಪಕ್ಕಕ್ಕೆ ನೋಡುತ್ತೇನೆ, ನನ್ನದೇ ವಯಸ್ಸಿನ ಹೆಂಗಸೊಬ್ಬಳು ತನ್ನ ಲೆಕ್ಕದ ಮೂಲೆಗೆ ಪೆನ್ನು ಊರಿದ್ದಾಳೆ.

"ಹೊಡ್ದಾಕ್ಬೇಡಿ ಅಕ್ಕ, ಅದಕ್ಕೂ ಮಾರ್ಕ್ಸ್ ಐತೆ!" ಎಂದು ಕೂಗಿಬಿಟ್ಟೆ.

ಮೇಲ್ವಿಚಾರಕರು ಓಡಿಬಂದು ನನ್ನ ಪತ್ರಿಕೆ ಕಿತ್ತುಕೊಂಡರು. "ಏನಮ್ಮ, ಉತ್ತರ ಹೇಳ್ಕೊಡ್ತೀಯಾ? ಎದ್ದೇಳು."

"ಉತ್ತರ ಅಲ್ಲ ಸಾರ್. ನೀವ್ ಹೇಳ್ಬೇಕಾಗಿದ್ದನ್ನ ನಾನ್ ಹೇಳ್ದೆ."

ಪತ್ರಿಕೆಯನ್ನು ಉಳಿದವರದರ ಕಟ್ಟಿಗೆ ಸೇರಿಸಿ ನನ್ನನ್ನು ಹೊರಗೆ ಕಳಿಸಿದರು. ಬಾಗಿಲಲ್ಲಿ ತಿರುಗಿ ನೋಡಿದೆ. ಆಕೆ ಗೀಟು ಎಳೆಯದೆ ಪೆನ್ನಿನ ಮುಚ್ಚಳ ಹಾಕಿ ಕೂತಿದ್ದಳು.

ಅರ್ಧಂಬರ್ಧ ಲೆಕ್ಕಗಳ ಅಂಕ ಸೇರಿ ಪಾಸಾದೆ. ಈಗ ಕುರ್ಚಿಯಲ್ಲಿ ಕೂತು ಪೀಸು ನೋಡುತ್ತೇನೆ. ಮಷೀನಿಗೆ ಹೊಸಬರು ಬಂದರೆ ಮೊದಲ ದಿನವೇ ಕರೆದು ಯಾವುದು ಪಾಸು, ಯಾವುದು ರಿಜೆಕ್ಟು ಎಂದು ತೋರಿಸುತ್ತೇನೆ. ಅದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.