ಎರಡು ಮನೆಯ ಅಧ್ಯಾಯ

ಮಗಳ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಗೆಳತಿಯೊಬ್ಬಳು ಕೊಟ್ಟ ಪುಸ್ತಕದ ಫೋಟೋ ಮಗಳ ಅಮ್ಮನಿಂದ ನನ್ನ ಫೋನಿಗೆ ಬಂತು. ನಮ್ಮ ಹಳೆಯ ಮಹಾಕಾವ್ಯವೊಂದನ್ನು ಮಕ್ಕಳಿಗಾಗಿ ತಮಾಷೆಯಾಗಿ ಮತ್ತೆ ಹೇಳಿದ ಇಂಗ್ಲಿಷ್ ಪುಸ್ತಕ. "ಅವಳಿಗೆ ಸರಿಹೋಗತ್ತಾ ಅಂತ ನೀವು ಓದಿ ಹೇಳಿ. ಮೂಲ ಗೊತ್ತಿರೋರು ನೀವೇ" ಎಂದು ಕೆಳಗೆ ಬರೆದಿದ್ದಳು. ನಾನೂ ಅವಳೂ ಬೇರೆಯಾದ ಮೇಲೆ ತಾಯಿ ಮಗಳು ಶಿಕಾಗೋಗೆ ಹೋದರು. ನಾನು ವಾರೆನ್ ಊರಿನ ಕಾರು ಕಂಪನಿಯ ಕೆಲಸ ಹಿಡಿದುಕೊಂಡು ಮಿಶಿಗನ್‌ನಲ್ಲೇ ಉಳಿದೆ. ಡೆಂಟಿಸ್ಟ್, ಪಾಸ್‌ಪೋರ್ಟ್ ಬಿಟ್ಟು ಬೇರೆ ವಿಷಯಕ್ಕೆ ಅವಳು ನನ್ನ ಅಭಿಪ್ರಾಯ ಕೇಳಿ ಬಹಳ ಕಾಲವಾಗಿತ್ತು. ಆವತ್ತೇ ಒಂದು ಪ್ರತಿ ಆರ್ಡರ್ ಮಾಡಿದೆ.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಂಪನಿಯ ಪಾರ್ಕಿಂಗ್ ಲಾಟ್‌ನಲ್ಲಿ, ಕಾರಿನ ಹೀಟರ್ ಹಾಕಿಕೊಂಡು, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಮೊದಲರ್ಧ ಚೆನ್ನಾಗಿತ್ತು. ವನವಾಸಕ್ಕೆ ಹೊರಟ ರಾಜಕುಮಾರನಿಗೆ ಟೆಂಟ್ ಹಾಕಲು ಬರುವುದಿಲ್ಲ. ಅವನ ತಮ್ಮ ಸೊಳ್ಳೆ ಹೊಡೆಯುತ್ತಾ ಗೊಣಗುತ್ತಾನೆ. ನಾನು ಜೋರಾಗಿಯೇ ನಕ್ಕೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಲಾಟ್‌ನಲ್ಲಿ ಹಿಮ ಮೆತ್ತಿದ ಖಾಲಿ ಕಾರುಗಳಷ್ಟೇ ಇದ್ದವು.

ಕೊನೆಯ ಅಧ್ಯಾಯದಲ್ಲಿ ನಗು ನಿಂತಿತು. ರಾಜ ರಾಣಿ ಬೇರೆಯಾಗುವುದನ್ನು ಎರಡೇ ಪುಟದಲ್ಲಿ ಮುಗಿಸಿ, ಅವಳಿ ಮಕ್ಕಳು ಬೆನ್ನಿಗೆ ಚೀಲ ಏರಿಸಿಕೊಂಡು ಒಂದು ವಾರ ಅರಮನೆ, ಒಂದು ವಾರ ಆಶ್ರಮ ಎಂದು ಓಡಾಡುವಂತೆ ಬರೆದಿದ್ದರು. ಪ್ರತಿಸಲವೂ ಟೂತ್‌ಬ್ರಷ್ ಮರೆತು ಬರುವುದೇ ಅಲ್ಲಿಯ ತಮಾಷೆ. ಮೈಸೂರಿನಲ್ಲಿ ನಮ್ಮ ಬೀದಿಯ ಗಮಕ ವಾಚನದಲ್ಲಿ ಈ ಭಾಗ ಬಂದರೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಡಬ್ಬಿ ಮುಚ್ಚಿ ಒಳಗೆ ಹೋದೆ.

ಸಂಜೆ ಮಗಳ ಅಮ್ಮನಿಗೆ ಫೋನ್ ಮಾಡಿದೆ. "ಕೊನೆ ಚಾಪ್ಟರ್ ಬೇಡ ಅನ್ಸತ್ತೆ. ಹರ್ಟ್ ಆಗ್ಬಹುದು."

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಅವಳಿಗಾ, ನಿಮಗಾ?"

ತಕ್ಷಣ ಅವಳೇ ಮುಂದುವರಿಸಿದಳು: "ಶನಿವಾರ ಬರ್ತೀರಲ್ಲ, ನಿಮ್ಮ ಮುಂದೇನೇ ಓದಲಿ." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಿದ್ದೆವೇನೋ.

ಶನಿವಾರ ಶಿಕಾಗೋದ ಡೆವನ್ ಅವೆನ್ಯೂವಿನ ದೋಸೆ ಹೋಟೆಲಿನಲ್ಲಿ ಮಗಳ ಎದುರು ಕೂತು, ನನ್ನ ಪ್ರತಿಯ ಕೊನೆಯ ಅಧ್ಯಾಯ ತೆರೆದು ಕೊಟ್ಟೆ. "ಇದು ನಿನಗೆ ಹೇಗನ್ಸತ್ತೆ, ಹೇಳು." ಅವಳು ಒಂದು ಕೈಯಲ್ಲಿ ದೋಸೆ ಮುರಿಯುತ್ತಾ ಓದಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಲ್ಲಿ ನಗುವೂ ಕಾಣಲಿಲ್ಲ, ಬೇಜಾರೂ ಕಾಣಲಿಲ್ಲ.

"ನೋಬಡಿ ಫರ್ಗೆಟ್ಸ್ ದ ಟೂತ್‌ಬ್ರಷ್, ಅಪ್ಪ" ಎಂದಳು. "ಇಟ್ಸ್ ಆಲ್ವೇಸ್ ದ ಚಾರ್ಜರ್."

"ಬೇಜಾರಾಯ್ತಾ?"

"ನೋ. ಇಟ್ಸ್ ಜಸ್ಟ್ ಅ ಜೋಕ್." ಆಮೇಲೆ ಪುಟ ಹಿಂದಕ್ಕೆ ಮಗುಚಿ, ಮೂಲ ಕಥೆಯಲ್ಲಿ ಮಕ್ಕಳು ಅಪ್ಪನ ಮನೆಗೆ ಎಷ್ಟು ಸಲ ಹೋಗುತ್ತಾರೆ ಎಂದು ಕೇಳಿದಳು.

ಹೋಗುವುದೇ ಇಲ್ಲ ಎಂದೆ. ಅಪ್ಪ ಯಾರೆಂದೇ ತಿಳಿಯದೆ ಕಾಡಿನಲ್ಲಿ ಬೆಳೆಯುತ್ತಾರೆ. ಒಂದು ದಿನ ಅವನ ಸಭೆಗೆ ಬಂದು ಅವನ ಕಥೆಯನ್ನೇ ಅವನೆದುರು ಹಾಡುತ್ತಾರೆ ಎಂದು ವಿವರಿಸಿದೆ. ಅವಳು ದೋಸೆ ತಿನ್ನುವುದನ್ನು ನಿಲ್ಲಿಸಿದಳು.

"ಡಸ್ ಹೀ ರೆಕಗ್ನೈಸ್ ದೆಮ್?"

"ಹ್ಞೂಂ, ಗುರುತು ಹಿಡೀತಾನೆ."

"ಹೌ?"

ಅಷ್ಟರಲ್ಲಿ ಅವಳ ಅಮ್ಮನ ಕಾರು ಬಂತು. ಪಾರ್ಕಿಂಗ್ ಸಿಗದೆ ಬಸ್ ಸ್ಟಾಪಿನಲ್ಲೇ ನಿಲ್ಲಿಸಿದ್ದಳು. ಹಿಂದೆ ಬಸ್ಸೊಂದು ಹಾರ್ನ್ ಮಾಡುತ್ತಿತ್ತು. ಮಗಳು ಜಾಕೆಟ್ ಎಳೆದುಕೊಂಡು, ನನ್ನ ಸೊಂಟ ಬಳಸಿ ಹಿಡಿದು ಬಿಟ್ಟು, ಓಡಿದಳು. ಹೋಟೆಲಿನ ಬಾಗಿಲಿಗೆ ಬಂದ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ಅವಳ ಅಮ್ಮ ಕಾರಿನೊಳಗಿಂದ ಕೈ ತೋರಿಸಿ ಹುಬ್ಬೇರಿಸಿದಳು. ಪರವಾಗಿಲ್ಲ, ಓದಲಿ ಎಂಬಂತೆ ತಲೆಯಾಡಿಸಿದೆ.

ವಾಪಸ್ ಬರುವಾಗ ಇಂಡಿಯಾನಾ ಉದ್ದಕ್ಕೂ ಹಿಮ ಉದುರುತ್ತಿತ್ತು. ಅಪ್ಪ ಮಕ್ಕಳನ್ನು ಹೇಗೆ ಗುರುತು ಹಿಡಿದನೆಂದು ಹೇಳಲು ಮಾತು ಹುಡುಕುತ್ತಾ ಡ್ರೈವ್ ಮಾಡಿದೆ. ಖಾಲಿ ಕಾರಿನಲ್ಲಿ ಜೋರಾಗಿಯೇ ಹೇಳಿ ನೋಡಿದೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮಿಶಿಗನ್ ಸೇರಿ ಕಲಾಮಜೂ ಊರಿನ ಎಕ್ಸಿಟ್ ದಾಟಿದರೂ ಯಾವುದೂ ಸರಿಬರಲಿಲ್ಲ.